ದುಂಬಿ ಪೆಟ್ಟಿಗೆಯ ನೊರಜು

ರಾತ್ರಿ ಒಂದೇ ಜೀವ ಮಲಗಿದ ಮನೆಯ ಬಾಗಿಲು ನಮ್ಮ ಊರಿನಲ್ಲಿ ಮುಂಜಾನೆ ಒಳಗಿನಿಂದ ತೆರೆಯುವುದಿಲ್ಲ. ಅಗುಳಿ ತೆಗೆದು, ಗೋಡೆಗೆ ಕಾಲು ಕೊಟ್ಟು ಜಗ್ಗಿದರೂ ಅಲ್ಲಾಡುವುದಿಲ್ಲ. ಹೊರಗಿನಿಂದ ಒಬ್ಬರು ಬೆರಳು ತಾಗಿಸಿದರೆ ಸಾಕು, ಸರ್ರನೆ ತೆರೆದುಕೊಳ್ಳುತ್ತದೆ. ಬಾಗಿಲು ತೆರೆದಿಟ್ಟೇ ಮಲಗಿದವರಿದ್ದಾರೆ. ಬೆಳಗಾಗುವಷ್ಟರಲ್ಲಿ ಅದು ತಾನಾಗಿ ಮುಚ್ಚಿಕೊಂಡಿರುತ್ತದೆ. ಹಿಂದೆ ಒಬ್ಬಾತ ಬಡಿಗೇರನನ್ನು ಕರೆಸಿ ಬಾಗಿಲನ್ನೇ ಕಿತ್ತು ಹಾಕಿಸಿದ. ಮರುದಿನ ಹೊಸ್ತಿಲು ದಾಟಲು ಅವನ ಕಾಲೇ ಏಳಲಿಲ್ಲ. ಆಮೇಲೆ ಯಾರೂ ಅಂಥ ಜಾಣತನ ಮಾಡಿಲ್ಲ.

ಒಂಟಿ ಇರುವವರು ಹೀಗಾಗಿ ಬಾಗಿಲ ನೆಂಟರನ್ನು ಮಾಡಿಕೊಳ್ಳುತ್ತಾರೆ. ಮುಂಜಾನೆ ಒಳಗಿನಿಂದ ಒಬ್ಬರ ಹೆಸರು ಹಿಡಿದು ಕೂಗಬೇಕು. ಕೂಗದೆ ಇನ್ನೊಬ್ಬರ ಬಾಗಿಲಿಗೆ ಕೈ ಹಚ್ಚುವುದು ನಮ್ಮಲ್ಲಿ ಮರ್ಯಾದೆಯಲ್ಲ. ಕೂಗಿಸಿಕೊಂಡವರು ಒಮ್ಮೆ ಬಂದು ತಳ್ಳಿದರೆ ಮುಗಿಯಿತು, ಅವತ್ತಿನಿಂದ ದಿನವೂ ಅವರೇ ಬರಬೇಕು. ಮಳೆ ಇರಲಿ, ಮೈಯಲ್ಲಿ ಜ್ವರ ಇರಲಿ, ಸ್ವಂತ ಮನೆಯಲ್ಲಿ ಮದುವೆ ಇರಲಿ, ಬರಬೇಕು. ಅಷ್ಟು ಋಣ ಬೇಡ ಎನ್ನುವವರು ಕೊಂಬಿನ ದುಂಬಿ ಸಾಕುತ್ತಾರೆ. ನಾವು ಕೈಯಾರೆ ಉಣಿಸಿದ ಇನ್ನೊಂದು ಜೀವ ಮನೆಯೊಳಗಿದ್ದರೆ ಬಾಗಿಲು ತಕರಾರು ಮಾಡುವುದಿಲ್ಲ. ಹಲ್ಲಿ, ಇರುವೆ ತಾವೇ ತಿಂದುಕೊಳ್ಳುವಂಥವು, ಅವು ನಡೆಯುವುದಿಲ್ಲ. ನಾಯಿ ಓಣಿಗೆ ಹೋಗಿ ಮಲಗುತ್ತದೆ, ಬೆಕ್ಕು ಹೆಂಚಿನ ಸಂದಿಯಿಂದ ಜಾರುತ್ತದೆ. ದುಂಬಿ ಎಲ್ಲಿಗೂ ಹೋಗುವುದಿಲ್ಲ. ಒಂದು ಪೆಟ್ಟಿಗೆ ಮಣ್ಣು, ಒಂದು ತುಂಡು ಬಾಳೆಹಣ್ಣು, ಆಯಿತು.

ನನ್ನ ಹೆಸರು ತಂಗೆವ್ವ. ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ ಇಟ್ಟಿದ್ದೇನೆ. ಮೋಟಾರಿನ ಸದ್ದಿನೊಳಗೆ ಕೂಗಿ ಕೂಗಿ ನನ್ನ ದನಿ ದೊಡ್ಡದಾಯಿತು ಎಂದು ನಾನು ಹೇಳುತ್ತೇನೆ; ಗಂಡಸಾಗಿ ಹುಟ್ಟಬೇಕಾಗಿದ್ದವಳು ಎಂದು ಓಣಿಯವರು ಹೇಳುತ್ತಾರೆ. ನನ್ನ ಗಂಡ ಯಮನಪ್ಪ ತೀರಿಕೊಂಡ ಮೇಲೆ ಮೊದಲನೇ ಮುಂಜಾನೆ ನಾನು ಕೂಗಿದ ಹೆಸರು ಎದುರು ಮನೆಯ ರೇವವ್ವನದು. ಅವಳು ರೊಟ್ಟಿ ಬಡಿದು ಮಾರುವವಳು. ಹಾಸಿಗೆ ಹಿಡಿದ ಅತ್ತೆಯ ಜೊತೆ ಇರುತ್ತಾಳೆ. ನಾನು ಈ ಊರಿಗೆ ಸೊಸೆಯಾಗಿ ಬಂದ ದಿನದಿಂದ ಗೆಳತಿ. ಕೂಗಿದ ಕೂಡಲೇ ಬಂದಳು, ತಳ್ಳಿದಳು, ಒಳಗೆ ಬಂದು ಒಲೆ ಹೊತ್ತಿಸಿದಳು. ಒಂದು ವರ್ಷ ಹಾಗೇ ನಡೆಯಿತು.

ಆದರೆ ಅವಳ ಬಾಯಿ ಸುಮ್ಮನಿರುವ ಬಾಯಲ್ಲ. ಬಾಗಿಲು ತಳ್ಳಿದವಳ ಕಣ್ಣಿಗೆ ಮನೆಯೆಲ್ಲಾ ಬೀಳುತ್ತದೆ. ತೊಳೆಯದ ಗಂಗಾಳ, ಮಡಚದ ಹಾಸಿಗೆ, ಯಮನಪ್ಪನ ಧೋತರವನ್ನು ಸುತ್ತಿ ತಲೆಗಿಟ್ಟುಕೊಂಡು ಮಲಗಿದ ನಾನು. ಒಂದು ದಿನ ಗಿರಣಿಯಲ್ಲಿ ಜೋಳ ಹಾಕಿಸಲು ಬಂದ ದಾನವ್ವ ನನ್ನ ತಲೆ ಸವರಿ, "ಎಷ್ಟ ದಿನ ಧೋತರ ಅಪ್ಪಿಕೊಂಡು ಅಳತಿ ಬೇ, ಗಟ್ಟಿ ಆಗು" ಎಂದಳು. ನನ್ನ ಮೈಯೆಲ್ಲಾ ಉರಿಯಿತು. ಮೋಟಾರು ಬಂದ್ ಮಾಡಿ ಓಣಿಯ ನಡುವೆ ನಿಂತು ರೇವವ್ವನನ್ನು ಹೊರಗೆ ಕರೆದೆ.

"ನನ್ನ ಮನಿಯಾಗಿನ ಸುದ್ದಿ ರೊಟ್ಟಿ ಜೋಡಿ ಮಾರಾಕ ಹತ್ತೀಯೇನ?"

"ನಿನ್ನ ಮ್ಯಾಲಿನ ಕರುಳಿಗೆ ಹೇಳೀನಿ, ತಂಗಿ. ಮತ್ತೇನಲ್ಲ."

"ನಿನ್ನ ಕರುಳು ನಿನ್ನ ಹೊಟ್ಟ್ಯಾಗ ಇಟ್ಕೋ. ಇನ್ನ ನನ್ನ ಬಾಗಲಾ ಮುಟ್ಟಿದ್ರ ಕೈ ಮುರೀತೀನಿ."

ಅವಳು ಒಳಗೆ ಹೋದಳು. ಅವತ್ತಿನಿಂದ ಜೋಳ ಬೀಸಿಸಲು ಊರ ಆ ತುದಿಯ ಗಿರಣಿಗೆ ಹೋಗತೊಡಗಿದಳು. ಹೊತ್ತ ಚೀಲದೊಂದಿಗೆ ನನ್ನ ಗಿರಣಿಯ ಮುಂದಿನಿಂದಲೇ ಹಾಯಬೇಕು, ಹಾಯುತ್ತಿದ್ದಳು. ನಾನೂ ನೋಡುತ್ತಿರಲಿಲ್ಲ, ಅವಳೂ ನೋಡುತ್ತಿರಲಿಲ್ಲ.

ಅದೇ ಸಂಜೆ ದುಂಬಿ ಮಾರುವ ಮಲಕಪ್ಪನ ಹತ್ತಿರ ಹೋಗಿ, ಇದ್ದುದರಲ್ಲಿ ದೊಡ್ಡ ದುಂಬಿ ತಂದೆ. ಹೆಬ್ಬೆರಳಿಗಿಂತ ದಪ್ಪ, ಕರಿ ಬಣ್ಣ, ಮೂತಿಯ ಮೇಲೆ ಮೇಲಕ್ಕೆ ಬಾಗಿದ ಕೊಂಬು. ಮಾವಿನ ಹಲಗೆಯ ಪೆಟ್ಟಿಗೆಗೆ ಕೊಳೆತ ಕಟ್ಟಿಗೆಯ ಪುಡಿ, ಹಳೇ ತಿಪ್ಪೆಗೊಬ್ಬರ ತುಂಬಿ ಅದರಲ್ಲಿ ಬಿಟ್ಟೆ. ನೋಡುತ್ತಿದ್ದಂತೆ ಮಣ್ಣು ಬಗೆದು ಒಳಗೆ ಇಳಿಯಿತು. ಮಾರನೇ ದಿನ ಬಾಗಿಲು ಎಳೆದೆ. ತೆರೆಯಿತು. ಎದುರಿಗೆ ರೇವವ್ವ ಕಟ್ಟೆ ಸಾರಿಸುತ್ತಿದ್ದಳು. ನಾನು ಬೇಕೆಂತಲೇ ಬಾಗಿಲನ್ನು ಮೂರು ಸಲ ತೆರೆದು ಹಾಕಿದೆ.

ದುಂಬಿಯ ಜೊತೆ ಬದುಕುವುದೆಂದರೆ ಮಣ್ಣಿನ ಪೆಟ್ಟಿಗೆಯ ಜೊತೆ ಬದುಕುವುದು. ಮೊದಮೊದಲು ಸಂಜೆಗೆ ಮೇಲೆ ಬರುತ್ತಿತ್ತು, ಬಾಳೆಹಣ್ಣಿಗೆ ಮುಖ ಹಚ್ಚಿ ಕೂರುತ್ತಿತ್ತು, ಬೆರಳು ಕೊಟ್ಟರೆ ಹತ್ತುತ್ತಿತ್ತು. ಅದರ ಕಾಲು ಚರ್ಮಕ್ಕೆ ಹಿಡಿದುಕೊಳ್ಳುವ ಹಿಡಿತಕ್ಕೆ ಸಣ್ಣ ನೋವಾಗುತ್ತದೆ. ಆ ನೋವಿಗಾಗಿ ನಾನು ಸಂಜೆಯಾಗುವುದನ್ನು ಕಾಯುತ್ತಿದ್ದೆ. ಬೇಸಿಗೆ ಬಂದ ಮೇಲೆ ಅದು ಮೇಲೆ ಬರುವುದನ್ನು ಬಿಟ್ಟಿತು. ಕೇಳಿದರೆ ಮಲಕಪ್ಪ, "ಬ್ಯಾಸಗ್ಯಾಗ ತಳಕ್ಕ ಹೋಗ್ತಾವ, ನೀ ತಲಿ ಕೆಡಿಸ್ಕೋಬ್ಯಾಡ" ಎಂದ. ಅಗೆದು ನೋಡೋಣವೆಂದರೆ ಅದು ನಮ್ಮಲ್ಲಿ ನಿಷೇಧ. ಮಲಗಿದವರ ಮುಖಕ್ಕೆ ದೀಪ ಹಿಡಿದು ಸತ್ತಿದ್ದಾರೋ ಬದುಕಿದ್ದಾರೋ ಎಂದು ನೋಡಿದ ಹಾಗೆ ಅದು. ಅಗೆಯುವ ಅಗತ್ಯವಾದರೂ ಏನು? ಮುಂಜಾನೆ ಬಾಗಿಲು ತೆರೆಯಿತೆಂದರೆ ದುಂಬಿ ಇದೆ. ಊರಿಗೆ ಊರೇ ಹಾಗೆ ತಿಳಿದುಕೊಂಡು ಬದುಕಿದೆ.

ಬೇಸಿಗೆಯ ಝಳಕ್ಕೆ ಅದು ಒಣಗೀತೆಂದು ನಾನು ಅಕ್ಕಿ ತೊಳೆದ ನೀರನ್ನು ದಿನವೂ ಪೆಟ್ಟಿಗೆಗೆ ಸುರಿದೆ. ಬಾಳೆಹಣ್ಣು ತಪ್ಪಿಸಲಿಲ್ಲ. ಇಟ್ಟ ಹಣ್ಣು ಕರಗುತ್ತಿತ್ತು, ದುಂಬಿ ತಿನ್ನುತ್ತಿದೆ ಎಂದುಕೊಂಡು ಹೊಸದು ಇಡುತ್ತಿದ್ದೆ. ಆಗ ಬಂತು ನೊರಜು.

ಮೊದಲು ನಾಲ್ಕಾರು. ಸಾಸಿವೆಗಿಂತ ಸಣ್ಣ, ಕರಿ, ಹೊಗೆಯ ತುಣುಕಿನಂಥ ಹುಳ. ಹಾರುವುದಕ್ಕೂ ಬರುವುದಿಲ್ಲ ಸರಿಯಾಗಿ. ಕುಡಿದವನ ಹಾಗೆ ಅತ್ತ ಇತ್ತ ತೂರಾಡುತ್ತವೆ. ವಾರ ಕಳೆಯುವುದರೊಳಗೆ ಪೆಟ್ಟಿಗೆಯ ಮುಚ್ಚಳ ತೆಗೆದರೆ ಮುಖಕ್ಕೆ ರಪ್ಪೆಂದು ಏಳತೊಡಗಿದವು. ಚಹಾದ ಲೋಟದಲ್ಲಿ ನೊರಜು, ಕಣ್ಣಿನ ಮೂಲೆಯಲ್ಲಿ ನೊರಜು, ಉಣ್ಣುವಾಗ ಅನ್ನದ ಮೇಲೆ ನೊರಜು. ಟಿವಿ ಹಚ್ಚಿದರೆ ಅದರ ಬೆಳಕಿಗೆ ಹೋಗಿ ಕೂರುತ್ತಿದ್ದವು, ಸುದ್ದಿ ಓದುವವಳ ಮುಖದ ತುಂಬ ಕರಿ ಚುಕ್ಕೆ. ನಾನು ಬಾಯಿಗೆ ಬಂದಂತೆ ಬೈದೆ. "ನಿಮ್ಮವ್ವನ, ನನ್ನ ಮೂಗ ಬಿಟ್ರ ನಿಮಗ ಬ್ಯಾರೆ ಜಾಗ ಇಲ್ಲೇನ? ಹೋಗಿ ಎದರ ಮನಿಯಾಕಿ ಮೂಗಿನ್ಯಾಗ ಸೇರ್ಕೋರಿ!" ಅಡಿಗೆ ಮಾಡುತ್ತ ಬೈದೆ, ಹಾಸಿಗೆ ಹಾಸುತ್ತ ಬೈದೆ. ಮನೆಯೊಳಗೆ ನಾನು ಅಷ್ಟು ಮಾತಾಡಿ ವರ್ಷವಾಗಿತ್ತು.

ಮನೆಯಲ್ಲಿ ಇದ್ದಿದ್ದರೆ ಹೇಗೋ ಸಹಿಸುತ್ತಿದ್ದೆ. ಅವು ಗೋಡೆ ದಾಟಿ ಗಿರಣಿಗೆ ಬಂದವು. ಬಿಳಿ ಜೋಳದ ಹಿಟ್ಟಿನ ಮೇಲೆ ಕರಿ ನೊರಜು ಹೇಗೆ ಕಾಣುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಹುಚ್ಚೀರಪ್ಪ ಎಂಬ ಮುದುಕ, ನನ್ನ ಖಾಯಂ ಗಿರಾಕಿ, ಹಿಟ್ಟನ್ನು ಅಂಗೈಯಲ್ಲಿ ಹಿಡಿದು ಎಲ್ಲರಿಗೂ ತೋರಿಸಿದ.

"ಏನ ತಂಗೆವ್ವಾ, ಈಗೀಗ ಜೋಳದಾಗ ಎಳ್ಳೂ ಬೀಸಿ ಕೊಡ್ತಿ? ಪುಕ್ಕಟಿ ಏನ?"

ಎಲ್ಲರೂ ನಕ್ಕರು. ದಾನವ್ವ ಸೆರಗು ಬಾಯಿಗೆ ಹಿಡಿದು, "ಹೋಳಿಗಿಗೆ ಆಗ್ತೈತಿ ಬಿಡ್ರಿ" ಎಂದಳು. ಅವತ್ತೇ ಇಬ್ಬರು ಚೀಲ ಎತ್ತಿಕೊಂಡು ಆ ತುದಿಯ ಗಿರಣಿಗೆ ನಡೆದರು. ನಾನು ಮಲಕಪ್ಪನ ಮುಂದೆ ಹೋಗಿ ನಿಂತೆ.

ಮಲಕಪ್ಪ ನನ್ನಷ್ಟೇ ಒರಟ. ಪೆಟ್ಟಿಗೆಯ ಮಣ್ಣನ್ನು ಒಂದು ಮುಷ್ಟಿ ತಂದಿದ್ದೆ. ಹಿಂಡಿದ. ಬೆರಳ ಸಂದಿನಿಂದ ನೀರು ಇಳಿಯಿತು.

"ದುಂಬಿ ಸಾಕೀಯೋ, ಭತ್ತಾ ನಾಟಿ ಮಾಡೀಯೋ? ನೀರು ಚಿಮುಕಸಬೇಕು, ಸುರೀಬಾರದು. ನೊರಜಿನ ಮರಿ ಹಸಿ ಮಣ್ಣಿನ್ಯಾಗ ಹುಟ್ಟತಾವ, ಕೊಳತ ಹಣ್ಣು ತಿಂತಾವ. ಹಣ್ಣು ಒಂದ್ ರಾತ್ರಿಗಿಂತ ಹೆಚ್ಚ ಇಡಬ್ಯಾಡ. ಮ್ಯಾಲಿನ ಎರಡ ಬೆರಳ ಮಣ್ಣು ಕೆರದು ಹಂಚಿನ ಮ್ಯಾಲ ಹುರಿ. ಆರಿಸಿ ಹಾಕಿ, ಮ್ಯಾಲ ಹೊಳಿ ಉಸುಕು ಹರವು. ಬಾಯಿಗೆ ತೆಳ್ಳನ್ನ ಅರಿವಿ ಕಟ್ಟು. ಆತಿಲ್ಲೋ?"

"ಬೇವಿನ ಹೊಗಿ ಹಾಕಿದ್ರ?"

"ಹಾಕು. ನೊರಜೂ ಸಾಯ್ತಾವ, ದುಂಬಿನೂ ಸಾಯ್ತೈತಿ, ಆಮ್ಯಾಲ ನನ್ನ ಹೆಸರ ಹಿಡದು ಕೂಗು. ನಾ ಅಂತೂ ಬರಂಗಿಲ್ಲ."

ನಾನು ಕೆಲಸ ಹಿಡಿದರೆ ಅರ್ಧಕ್ಕೆ ಬಿಡುವವಳಲ್ಲ. ಮಣ್ಣು ಕೆರೆದು ರೊಟ್ಟಿ ಹಂಚಿನ ಮೇಲೆ ಹುರಿದೆ. ಮನೆಯೆಲ್ಲಾ ಮೊದಲ ಮಳೆ ಬಿದ್ದು, ಆಮೇಲೆ ಅದಕ್ಕೇ ಬೆಂಕಿ ಬಿದ್ದಂಥ ವಾಸನೆ. ಉಸುಕು ಹರವಿದೆ. ತಗಡಿನ ಮುಚ್ಚಳಕ್ಕೆ ಅರಿಸಿನ ಬಳಿದು ಅದರ ಮೇಲೆ ಔಡಲ ಎಣ್ಣೆ ಸವರಿ ಪೆಟ್ಟಿಗೆಯ ಪಕ್ಕ ನಿಲ್ಲಿಸಿದೆ. ಹಳದಿ ಕಂಡರೆ ನೊರಜು ಬಂದು ಕೂರುತ್ತವೆ, ಕೂತರೆ ಏಳುವುದಿಲ್ಲ. ಬೆಲ್ಲದ ನೀರು ಹುಳಿ ಬರಿಸಿ ಬಟ್ಟಲಲ್ಲಿಟ್ಟೆ, ಅದರಲ್ಲೂ ಬಿದ್ದವು. ಗೋಡೆಗೆ ಕೂತವನ್ನು ಒದ್ದೆ ಅರಿವೆಯಿಂದ ಒರೆಸಿದೆ. ಹಣ್ಣು ರಾತ್ರಿ ಇಟ್ಟು ಬೆಳಗಾಗುವ ಮುಂಚೆ ತೆಗೆಯುತ್ತಿದ್ದೆ. ಹಣ್ಣಿನ ಮೇಲೆ ಯಾರೂ ಬಾಯಿ ಹಾಕಿದ ಗುರುತು ಇರುತ್ತಿರಲಿಲ್ಲ. ದುಂಬಿಗೆ ಸಿಟ್ಟು ಬಂದಿದೆ, ಬರಲಿ, ನನಗಿಂತ ಹೆಚ್ಚೇನು ಎಂದುಕೊಂಡೆ.

ಎರಡು ವಾರದ ಹೊತ್ತಿಗೆ ಮನೆಯಲ್ಲಿ ಒಂದೇ ಒಂದು ನೊರಜು ಉಳಿಯಿತು. ರಾತ್ರಿ ಉಣ್ಣಲು ಕೂತಾಗ ಗಂಗಾಳದ ಅಂಚಿನ ಮೇಲೆ ಬಂದು ಕೂತಿತು. ಹೆಬ್ಬೆರಳಿಂದ ಒತ್ತಿದೆ. ಗೆದ್ದೆ ಎಂದು ಅನಿಸಿತು. ಕೈ ತೊಳೆದು ಮಲಗಿದೆ. ಮನೆ ಬಹಳ ಸದ್ದಿಲ್ಲದೆ ಇತ್ತು.

ಮುಂಜಾನೆ ಬಾಗಿಲು ಬರಲಿಲ್ಲ.

ಅಗುಳಿ ಸಿಕ್ಕಿಕೊಂಡಿರಬೇಕೆಂದು ಮೊದಲು ಅಂದುಕೊಂಡೆ. ಅಗುಳಿ ಕೈಯಲ್ಲೇ ಇತ್ತು. ಎರಡೂ ಕೈಯಿಂದ ಜಗ್ಗಿದೆ, ಒದ್ದೆ. ಹಿತ್ತಿಲ ಬಾಗಿಲಿಗೆ ಹೋದೆ, ಅದೂ ಅಷ್ಟೇ. ಆಮೇಲೆ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ನಿಷೇಧವೋ ಗಿಷೇಧವೋ, ಅರಿವೆ ಕಿತ್ತೆಸೆದು, ಉಸುಕು ಸರಿಸಿ, ಎರಡೂ ಕೈ ಇಳಿಸಿ ತಳದ ತನಕ ಬಗೆದೆ. ದುಂಬಿ ಮೂಲೆಯಲ್ಲಿತ್ತು. ಎತ್ತಿದರೆ ಶೇಂಗಾ ಸಿಪ್ಪೆಯಷ್ಟೂ ಭಾರವಿಲ್ಲ. ಹೊಟ್ಟೆಯ ಕಡೆ ಪೂರಾ ಟೊಳ್ಳು, ಒಳಗೆ ಬಿಳಿ ಬೂಷ್ಟು ಬೆಳೆದು ಒಣಗಿತ್ತು. ಕಾಲುಗಳು ಮುಟ್ಟಿದರೆ ಉದುರಿದವು. ನಿನ್ನೆ ಮೊನ್ನೆ ಸತ್ತದ್ದಲ್ಲ. ಬೇಸಿಗೆಯ ಮೊದಲಿನಲ್ಲೇ, ನಾನು ಸುರಿದ ನೀರಿನಲ್ಲೇ ಅದು ಹೋಗಿತ್ತು.

ಹಾಗಿದ್ದರೆ ಅಷ್ಟೂ ದಿನ ಬಾಗಿಲು ತೆರೆದದ್ದು ಯಾರಿಂದ? ನಾನು ಇಟ್ಟ ಹಣ್ಣು ತಿಂದದ್ದು ಯಾರು? ಅರಿಸಿನದ ತಗಡು ಪಕ್ಕದಲ್ಲೇ ನಿಂತಿತ್ತು. ಅದರ ತುಂಬ ಅವು ಅಂಟಿಕೊಂಡಿದ್ದವು, ಸಾಲಿಲ್ಲ, ಗೀಲಿಲ್ಲ, ರಾಶಿ. ಎಷ್ಟೋ ಹೊತ್ತು ನೋಡಿದೆ, ಯಾವುದಾದರೂ ಒಂದು ಕಾಲು ಅಲ್ಲಾಡಿಸೀತೆಂದು. ಇಲ್ಲ. ನಾನು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದೆ.

ಬಿಸಿಲೇರುವ ಹೊತ್ತಿಗೆ ಹೊರಗೆ ಗಿರಾಕಿಗಳು ಸೇರಿದರು. ನಾನು ಕಿಟಕಿಯ ಸರಳಿನಿಂದ ನೋಡಿದೆ.

"ತಂಗೆವ್ವಾ, ಇವತ್ತ ಗಿರಣಿ ಇಲ್ಲೇನ?" ಹುಚ್ಚೀರಪ್ಪ ಕೂಗಿದ.

"ಬಾಗಲಾ ಬರವಲ್ದು" ಎಂದೆ.

ಎಲ್ಲರಿಗೂ ತಿಳಿಯಿತು. ಮುಂದೆ ನಾನು ಯಾರದಾದರೂ ಹೆಸರು ಕೂಗುತ್ತೇನೆ, ಕೂಗಿಸಿಕೊಂಡವರು ಇನ್ನು ಬದುಕಿರುವ ತನಕ ದಿನವೂ ಈ ಹೆಂಗಸಿನ ಮುಖ ನೋಡಬೇಕು. ಹುಚ್ಚೀರಪ್ಪ ಒಂದು ಹೆಜ್ಜೆ ಹಿಂದೆ ಸರಿದ. "ನಾ ನಾಳೆ ಮಗಳ ಊರಿಗೆ ಹೊಂಟೀನಿ ನೋಡು" ಎಂದ, ಯಾರೂ ಕೇಳದಿದ್ದರೂ. ಇನ್ನೊಬ್ಬ ತನಗೆ ಮೊಣಕಾಲು ನೋವೆಂದ. ದಾನವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು, ಮುಖ ಕಾಣದಿದ್ದರೆ ನನಗೆ ಅವಳ ಹೆಸರು ಮರೆಯುತ್ತದೆ ಎಂಬಂತೆ. ಚೀಲಗಳು ಒಂದೊಂದಾಗಿ ಹೆಗಲೇರಿದವು.

"ಹೋಗ್ರಿ ಹೋಗ್ರಿ! ನಿಮ್ಮನ್ಯಾರು ಕೂಗತಾರ? ನಿಮ್ಮ ಕೈಲೆ ಬಾಗಲಾ ತಗಿಸ್ಕೊಳ್ಳೂದಕ್ಕಿಂತ ಒಳಗ ಕೊಳೀತೀನಿ!"

ಹೋದರು. ಓಣಿ ಖಾಲಿಯಾಯಿತು. ನಾನು ಒಳಗೆ ನಿನ್ನೆಯ ಅನ್ನ ಉಂಡೆ. ಕೊಡದಲ್ಲಿ ನೀರು ತಳ ಕಂಡಿತ್ತು. ಮಧ್ಯಾಹ್ನ ಕಳೆಯಿತು. ಕೈಗೆ ಕೆಲಸವಿಲ್ಲದೆ ಪೆಟ್ಟಿಗೆಯ ಮಣ್ಣನ್ನು ಇನ್ನೊಮ್ಮೆ ಬೆರಳಿಂದ ಕೆದಕಿದೆ, ಒಂದಾದರೂ ನೊರಜಿನ ಮರಿ ಉಳಿದಿದೆಯೇ ಎಂದು. ಇದ್ದಿದ್ದರೆ ಅದಕ್ಕೆ ಬಾಳೆಹಣ್ಣಲ್ಲ, ಹಾಲು ಎರೆಯುತ್ತಿದ್ದೆ.

ಎದುರು ಕಟ್ಟೆಯಲ್ಲಿ ರೇವವ್ವ ರೊಟ್ಟಿ ಬಡಿಯುತ್ತಿದ್ದಳು. ಮುಂಜಾನೆಯಿಂದ ಎಲ್ಲವನ್ನೂ ಕೇಳಿದ್ದಾಳೆ ಎಂದು ನನಗೆ ಗೊತ್ತು. ಬಡಿಯುವ ಸದ್ದು ನಡುನಡುವೆ ನಿಲ್ಲುತ್ತಿತ್ತು. ಕಿಟಕಿಗೆ ಹೋಗಿ ಸರಳು ಹಿಡಿದೆ. ಮೋಟಾರಿನ ಮೇಲೂ ಕೇಳುವ ನನ್ನ ದನಿ ಹೊರಗೆ ಬರಲಿಲ್ಲ. ಕೆಮ್ಮಿ ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಕೂಗಿದೆ.

"ರೇವವ್ವಾ."

ಬಡಿಯುವುದು ನಿಂತಿತು. ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿದಳು, ಅದು ಬೇಯುವ ತನಕ ಕಾದಳು, ತೆಗೆದು ಬುಟ್ಟಿಗಿಟ್ಟಳು. ಎದ್ದು ಓಣಿ ದಾಟಿದಳು. ಬಾಗಿಲು ಸರ್ರನೆ ತೆರೆಯಿತು. ಅವಳು ಹೊಸ್ತಿಲ ಆಚೆ ನೆಲ ನೋಡುತ್ತ ನಿಂತಿದ್ದಳು. ಒಳಗೆ ಏನಿದೆ ಎಂದು ನೋಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ತಿರುಗಿ ಹೋದಳು. ಬಾಗಿಲ ಮೇಲೆ ಹಿಟ್ಟಿನ ಮೂರು ಬೆರಳು ಮೂಡಿದ್ದವು. ಮುಟ್ಟಿ ನೋಡಿದೆ. ದಪ್ಪ ಹಿಟ್ಟು, ಆ ತುದಿಯ ಗಿರಣಿಯದು. ಅವರಿಗೆ ಬೀಸುವ ಕಲ್ಲು ಕಟೆಯಲು ಬರುವುದಿಲ್ಲ.

ಮರುದಿನವೂ ಬಂದಳು. ಅದರ ಮರುದಿನವೂ. ಮಳೆ ಬಿದ್ದು ಹೊಸ ದುಂಬಿ ಏಳುವ ತನಕ ಮಲಕಪ್ಪನ ಹತ್ತಿರವೂ ಹುಳ ಇರಲಿಲ್ಲ. ಹೊತ್ತು ಮೂಡುವಾಗ ಬಳೆಯ ಸದ್ದು, ಬಾಗಿಲು ತೆರೆಯುವುದು, ಅವಳ ಬೆನ್ನು. ಇಷ್ಟೇ. ಮೊದಲು ನನಗೆ ಇದೇ ಸರಿ ಎನಿಸಿತು. ನೋಡುವುದಿಲ್ಲ, ಆಡುವುದಿಲ್ಲ, ಓಣಿಗೆ ಸುದ್ದಿಯಿಲ್ಲ. ಇದನ್ನೇ ಅಲ್ಲವೇ ನಾನು ಬೇಡಿದ್ದು? ಮಳೆಗಾಲ ಹಿಡಿಯುವ ಹೊತ್ತಿಗೆ ಆ ಬೆನ್ನನ್ನು ನೋಡುವುದು ನನ್ನಿಂದ ಆಗದಾಯಿತು. ಒಂದು ದಿನ ಬೇಕೆಂತಲೇ ರಾತ್ರಿಯ ಪಾತ್ರೆಗಳನ್ನೆಲ್ಲಾ ಬಾಗಿಲಿಗೆ ಎದುರಾಗಿ ಹರಡಿ ಇಟ್ಟೆ. ನೋಡಲಿ, ಮೂಗು ಮುರಿಯಲಿ, ಊರೆಲ್ಲಾ ಸಾರಲಿ. ತಳ್ಳಿದಳು, ಹೋದಳು. ಅವತ್ತು ಗಿರಣಿಯಲ್ಲಿ ದಾನವ್ವನ ಬಾಯಿಯನ್ನೇ ನೋಡಿದೆ. ಅವಳು ಬರೀ ಮಳೆಯ ಮಾತಾಡಿದಳು.

ಹಬ್ಬದ ಹಿಂದಿನ ಸಂಜೆ ಮಲಕಪ್ಪ ತಾನಾಗಿಯೇ ಬಂದ. ಕೈಯಲ್ಲಿ ಮಣ್ಣಿನ ಮಡಕೆ, ಅದರಲ್ಲಿ ಈ ವರ್ಷದ ಹೊಸ ದುಂಬಿ, ಮೈ ಇನ್ನೂ ಕೆಂಪಗೆ ಮಿಂಚುತ್ತಿತ್ತು. ಓಣಿಯ ನಡುವೆ ನಿಂತೇ ಕೂಗಿದ.

"ತಗೋ ತಂಗೆವ್ವಾ, ಹೊಳಿಯಂಗ ನೀರು ಸುರೀದಿದ್ರ ಎರಡ ವರ್ಷ ಬಾಳತೈತಿ. ರೇವಕ್ಕಗೂ ಬಿಡುಗಡಿ. ಪಾಪ, ಅತ್ತಿ ಮೈ ತೊಳದು, ನಿನ್ನ ಬಾಗಲಾ ತಗದು, ರೊಟ್ಟಿಗೆ ಕೂಡಬೇಕು ಆಕಿ."

ದುಂಬಿ ಬಂದ ಮನೆಗೆ ಬಾಗಿಲ ನೆಂಟರು ಬರಬೇಕಾಗಿಲ್ಲ. ಎದುರು ಕಟ್ಟೆಯಲ್ಲಿ ರೇವವ್ವ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ. ನಾನು ಮಲಕಪ್ಪನನ್ನು ತೋಳು ಹಿಡಿದು ಒಳಗೆ ಎಳೆದು, ನಿನ್ನ ಮಡಕೆ ತೆಗೆದುಕೊಂಡು ಹಿತ್ತಿಲಿನಿಂದ ಹೋಗು ಎಂದೆ.

"ಯಾಕ ಬೇ? ಹುಳ ಚಲೋ ಐತಿ."

"ಬ್ಯಾಡ ಅಂದ್ರ ಬ್ಯಾಡ. ಬಾಯಿ ಮುಚ್ಕೊಂಡು ನಡಿ."

ಅವನು ಹಿತ್ತಿಲ ಕಡೆ ಹೋದ. ಅವನು ಒಳಗೆ ಬಂದದ್ದನ್ನು ಮಾತ್ರ ರೇವವ್ವ ಓರೆಗಣ್ಣಿನಲ್ಲಿ ಕಂಡಿರುತ್ತಾಳೆ, ಹೋದದ್ದನ್ನು ಕಂಡಿಲ್ಲ ಎಂದು ಆಮೇಲೆ ಹೊಳೆಯಿತು. ಓಣಿ ದಾಟಿ ಹೇಳಬಹುದಿತ್ತು. ಬಾಗಿಲ ತನಕ ಹೋದೆ, ಹೊಸ್ತಿಲಲ್ಲಿ ನಿಂತೆ, ತಿರುಗಿ ಬಂದೆ.

ಮುಂಜಾನೆ ಬೇಗ ಎದ್ದು ಬಾಗಿಲ ಹತ್ತಿರ ಕೂತೆ. ಬೆಳಕು ಸಂದಿಯಿಂದ ನೆಲಕ್ಕೆ ಬಿತ್ತು. ಹಾಲಿನವನು ಹೋದ. ಹಬ್ಬದ ದಿನ, ಎಲ್ಲರ ಅಂಗಳದಲ್ಲೂ ನೀರು ಚೆಲ್ಲುವ ಸದ್ದು. ರೇವವ್ವನ ಬಳೆ ಕೇಳಲಿಲ್ಲ. ಕೂಗಿದರೆ ಬರುತ್ತಾಳೆ ಎಂದು ಗೊತ್ತು. ಆದರೆ ಕೂಗಿದರೆ ಬರುವುದು ಬೇರೆ. ನಾನು ಕೂಗಲಿಲ್ಲ, ಬಾಯಿಗೆ ಸೆರಗು ತುರುಕಿಕೊಂಡು ಕೂತೆ. ಬೆಳಕು ನೆಲದ ಮೇಲೆ ಒಂದು ಗೇಣು ಸರಿಯಿತು.

ಆಮೇಲೆ ಬಾಗಿಲು ತೆರೆಯಿತು. ತಡೆದು ತಡೆದು, ಇದು ತೆರೆಯುವ ಕೆಲಸ ತನ್ನದೋ ಅಲ್ಲವೋ ಎಂದು ಕೇಳುವ ಹಾಗೆ. ರೇವವ್ವ ಈ ಸಲ ಒಳಗೆ ನೋಡಿದಳು. ಪೆಟ್ಟಿಗೆ ಇರುತ್ತಿದ್ದ ಮೂಲೆಯನ್ನು ನೋಡಿದಳು. ಅಲ್ಲಿ ನಾನು ಜೋಳದ ಚೀಲ ಇಟ್ಟಿದ್ದೆ.

"ತಗೊಳ್ಳಲಿಲ್ಲೇನ?"

"ಇಲ್ಲ."

"ಯಾಕ?"

"ಹುಳ ಚಲೋ ಇರಲಿಲ್ಲ" ಎಂದೆ.

ಅವಳು ಏನೋ ಹೇಳಲು ಬಾಯಿ ತೆರೆದಳು, ಎದುರು ಮನೆಯೊಳಗಿನಿಂದ ಅತ್ತೆ ಕರೆದ ಸದ್ದಾಯಿತು, ಹೋದಳು. ನಾನು ಗಿರಣಿಗೆ ಹೋಗಿ ನಿಂತೆ. ಹಬ್ಬವೆಂದು ಗಿರಾಕಿ ಬಹಳ. ಕೈ ಸ್ವಿಚ್ಚಿನ ಮೇಲಿತ್ತು, ಒತ್ತಲಿಲ್ಲ. ಮೋಟಾರು ಹತ್ತಿತೆಂದರೆ ಎದುರು ಮನೆಯಿಂದ ಯಾರು ಏನೆಂದರೂ ಕೇಳುವುದಿಲ್ಲ.

"ಏನ ತಂಗೆವ್ವಾ, ಯಾಕ ತಡಾ?" ಹುಚ್ಚೀರಪ್ಪ ಕೇಳಿದ.

"ಕರೆಂಟ್ ಇಲ್ಲ" ಎಂದೆ.

ಎಲ್ಲರೂ ನನ್ನ ತಲೆಯ ಮೇಲೆ ಉರಿಯುತ್ತಿದ್ದ ಬಲ್ಬನ್ನು ನೋಡಿದರು.